ಗಿಳಿಹಸಿರು

“ಈಗ ಯಾವ ಬಣ್ಣ ಐತೆ ಹೇಳಮ್ಮ,” ಎಂದು ಬನಶ್ರೀ ಪುಟ್ಟ ಗಾಜಿನ ಸೀಸೆಯನ್ನು ತಾಯಿಯ ಮುಂದೆ ಬಿಸಿಲಿಗೆ ಹಿಡಿದಳು. ಅದರಲ್ಲಿ ಕಬ್ಬಿಣದ ನ್ಯಾನೋ ಕಣಗಳ ನೀರಿತ್ತು. ಅಯಸ್ಕಾಂತ ಹತ್ತಿರ ಬಂದರೆ ಕಣಗಳು ಸಾಲುಗಟ್ಟಿ, ಬೆಳಕಿನಲ್ಲಿ ಮೊದಲು ಕೆಂಪನ್ನು, ಇನ್ನೂ ಹತ್ತಿರ ಬಂದರೆ ಹಸಿರನ್ನು ಆರಿಸಿ ತೋರಿಸುತ್ತವೆ ಎಂದು ಅವಳು ಲ್ಯಾಬಿನಿಂದ ಫೋನಿನಲ್ಲಿ ತಾಯಿಗೆ ಹೇಳಿದ್ದಳು.

ಹಿಂದೂಪುರದ ಮನೆಯ ಮಗ್ಗದಲ್ಲಿ ಕೂತಿದ್ದ ಬನಶಂಕರಮ್ಮ ಸೀಸೆಯತ್ತ ಮುಖ ತಿರುಗಿಸಿ ನಕ್ಕಳು. “ಗಿಳಿಹಸಿರು ಕಣಮ್ಮ. ನನ್ ಕಣ್ಣು ಚೆನ್ನಾಗೇ ಐತೆ, ಆಸ್ಪತ್ರೆಗೀಸ್ಪತ್ರೆ ಏನೂ ಬ್ಯಾಡ.”

ಸೀಸೆಯಲ್ಲಿದ್ದದ್ದು ಕಂದು ನೀರು. ಅಯಸ್ಕಾಂತ ಇನ್ನೂ ಬನಶ್ರೀಯ ಬ್ಯಾಗಿನಲ್ಲೇ ಇತ್ತು.

ಅವಳು ಸದ್ದಿಲ್ಲದೆ ಅದನ್ನು ತೆಗೆದು ಸೀಸೆಯ ಬಳಿ ತಂದಳು. ನೀರು ಕೆಂಪಾಯಿತು. ಇನ್ನಷ್ಟು ಹತ್ತಿರ ತಂದು, ಗಿಳಿಹಸಿರಾದೊಡನೆ ಕೈ ನಿಲ್ಲಿಸಿದಳು.

“ಹೂಂ ಕಣಮ್ಮ, ಗಿಳಿಹಸಿರೇ,” ಎಂದಳು. “ಆದ್ರೂ ನಾಳೆ ನನ್ ಜತೆ ಆಸ್ಪತ್ರೆಗೆ ಬಂದ್ಬುಡು.”