ಹದಿನಾಲ್ಕನೇ ನಂಬರ್ ಕೋಟು

"ಹದಿನಾಲ್ಕನೇ ನಂಬರೇ ಬೇಕು. ಹದಿಮೂರು ಬಂದರೂ ಹತ್ತಲ್ಲ, ಹದಿನೈದು ಬಂದರೂ ಹತ್ತಲ್ಲ," ಎಂದು ತಕ್ಕಡಿ ಸಾಹೇಬರು ಹೋಟೆಲಿನ ರಿಸೆಪ್ಷನ್ ಮೇಜನ್ನು ಬೆರಳಿನಿಂದ ಕುಟ್ಟಿದರು.

"ನಿನ್ನೆ ಫೋನಲ್ಲೇ ಬರ್ಕೊಂಡಿದೀವಿ ಸರ್. ಏರ್‌ಪೋರ್ಟಿಗೆ ಒಂದು ಕಾರು, ಹದಿನಾಲ್ಕನೇ ನಂಬರ್," ಎಂದಳು ರಿಸೆಪ್ಷನಿಸ್ಟ್. "ವಿಮಾನ ಎಷ್ಟು ಗಂಟೆಗೆ?"

"ಅದು ನನ್ನ ತಲೆನೋವು."

ವಿಮಾನವೇ ಇರಲಿಲ್ಲ. ಟಿಕೆಟ್ಟೂ ಇರಲಿಲ್ಲ. ಆ ಹೋಟೆಲಿನಲ್ಲಿ ಅವರು ಉಳಿದುಕೊಂಡೂ ಇರಲಿಲ್ಲ. ಹೆಸರು ಕೇಳಿದಾಗ ತಮ್ಮ ಹಳೆಯ ಮೇಲಧಿಕಾರಿಯ ಹೆಸರು ಬರೆಸಿದ್ದರು. ಇದ್ದದ್ದು ಒಬ್ಬಳೇ ಮಗಳು. ಅವಳು ಮೆಚ್ಚಿದ್ದು ಈ ಹೋಟೆಲಿನ ಹದಿನಾಲ್ಕನೇ ನಂಬರ್ ಡ್ರೈವರನ್ನು.

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿದ್ದವರು ಸಾಹೇಬರು. ಅಂಗಡಿಯವರು ಇಟ್ಟ ಅಡ್ಡಹೆಸರು ನಿವೃತ್ತಿಯಾದರೂ ಬೆನ್ನು ಬಿಟ್ಟಿರಲಿಲ್ಲ. ಮಗಳು ಹುಡುಗನ ಫೋಟೊ ಹಿಡಿದಾಗ, "ಫೋಟೊದಲ್ಲಿ ತೂಕ ಗೊತ್ತಾಗಲ್ಲ," ಎಂದು ಮುಖ ತಿರುಗಿಸಿದ್ದರು. ಹೆಸರು ಹೇಳಲು ಬಂದರೆ ಕಿವಿ ಮುಚ್ಚಿದ್ದರು. ಎಂಟು ತಿಂಗಳಿಂದ ಅವರದು ಒಂದೇ ಮಂತ್ರ: ನೋಡೋಣ.

"ನೀವು ನೋಡ್ತಾ ಇರಿ ಅಪ್ಪ. ನಾನು ಹೋಗ್ತಾ ಇರ್ತೀನಿ," ಎಂದಿದ್ದಳು ಮಗಳು ಹೋದ ವಾರ.

ಅಂದಿನಿಂದ ಸಾಹೇಬರಿಗೆ ನಿದ್ದೆಯಿಲ್ಲ. ಮಗಳು ಮುನಿಸಿಕೊಂಡು ಹೋದರೆ ಮತ್ತೆ ಬರುತ್ತಾಳೋ ಇಲ್ಲವೋ ಎಂದು ಅವರಿಗೆ ನಿಜವಾಗಿಯೂ ಭಯವಾಗಿತ್ತು. ಹಾಗೆಂದು ತೂಗದೆ ಕೊಡುವುದು ಹೇಗೆ? ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಆದ್ದರಿಂದ ಈ ಉಪಾಯ: ಹುಡುಗನಿಗೆ ಗೊತ್ತಾಗದಂತೆ ಅವನ ಕಾರು ಹತ್ತಿ, ಏರ್‌ಪೋರ್ಟ್ ಸೇರುವುದರೊಳಗೆ ಅವನನ್ನು ಅಳೆದು ಮುಗಿಸುವುದು.

ಗೆಳೆಯನನ್ನು ನೋಡಲು ವಿಮಾನದಲ್ಲಿ ಹೋಗುತ್ತೇನೆಂದು ಮನೆಯಲ್ಲಿ ವಾರದ ಹಿಂದೆಯೇ ಸುಳ್ಳು ಹೇಳಿದ್ದರು. ಅಂಗಡಿಗೆ ಹೊರಟರೂ ಹತ್ತು ಪ್ರಶ್ನೆ ಕೇಳುವ ಹೆಂಡತಿ ಈ ಸಲ ತುಟಿ ಬಿಚ್ಚದೆ ಸೂಟ್‌ಕೇಸ್ ತುಂಬಿಸಿದ್ದರು. ಇವತ್ತು ಬೆಳಗ್ಗೆಯಂತೂ ತಲೆ ಬಾಚಿ, ಹೊಸ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಬಂದಿದ್ದರು.

"ಇವತ್ತು ವಾಪಸ್ ಬರಲ್ಲ ತಾನೆ?"

"ನಾಳೆ."

"ನಿಧಾನಕ್ಕೇ ಬನ್ನಿ."

ಈ ವಯಸ್ಸಿನಲ್ಲಿ ಇಷ್ಟು ಪ್ರೀತಿಯೇ ಎಂದು ಸಾಹೇಬರು ದಾರಿಯುದ್ದಕ್ಕೂ ಉಬ್ಬಿಹೋಗಿದ್ದರು.

ಕಾರು ಬಂತು. ಇಳಿದವನು ಗಿಡ್ಡ ಆಸಾಮಿ. ಹೋಟೆಲಿನ ನೀಲಿ ಕೋಟು, ಎದೆಯ ಮೇಲೆ ಹಳದಿ ದಾರದಲ್ಲಿ ಹದಿನಾಲ್ಕು. ತೋಳು ಬೆರಳಿನ ತುದಿಯವರೆಗೂ ಇಳಿದಿತ್ತು. ಅಳತೆ ಗೊತ್ತಿಲ್ಲದವನು ಎಂದು ಸಾಹೇಬರು ಮನಸ್ಸಿನಲ್ಲೇ ಎರಡು ಅಂಕ ಕಡಿದರು. ಮದುವೆಯಾದ ಮೇಲೆ ಒಳ್ಳೆಯ ದರ್ಜಿಗೆ ತೋರಿಸಿದರಾಯಿತು.

ಮೊದಲ ಪರೀಕ್ಷೆ ಸೂಟ್‌ಕೇಸಿನದು. ಹೆಂಡತಿ ಮಡಿಸಿಟ್ಟ ಬಟ್ಟೆಯ ಕೆಳಗೆ ಸಾಹೇಬರು ತಕ್ಕಡಿಗೆ ಹಾಕುವ ಹತ್ತು ಕಿಲೋದ ಎರಡು ಕಬ್ಬಿಣದ ಬಟ್ಟು ತುರುಕಿದ್ದರು. ಡ್ರೈವರ್ ಎತ್ತಿದ, ಮುಖ ಕಿವಿಚಿದ, ಮತ್ತೆ ಎತ್ತಿದ. "ಊರಿಗೆ ಹೋಗ್ತಿದೀರೋ ಊರನ್ನೇ ಹೊತ್ಕೊಂಡು ಹೋಗ್ತಿದೀರೋ ಸರ್?" ಎಂದ. ಆದರೆ ಎಸೆಯಲಿಲ್ಲ, ಮಗುವನ್ನು ಮಲಗಿಸುವ ಹಾಗೆ ಡಿಕ್ಕಿಯಲ್ಲಿ ಇಟ್ಟ. ಅಂಕ ವಾಪಸ್.

ಹೊರಡುವ ಮೊದಲು ಸೀಟನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡ. ಕನ್ನಡಿಯನ್ನೂ ಬಗ್ಗಿಸಿಕೊಂಡ. ಶಿಸ್ತಿನವನು.

ಎರಡನೆಯದು ಕೆಂಪು ದೀಪ. "ಯಾರೂ ಇಲ್ಲ, ನುಗ್ಗಿಸಪ್ಪ. ವಿಮಾನ ತಪ್ಪತ್ತೆ."

"ವಿಮಾನ ಇನ್ನೊಂದು ಸಿಗತ್ತೆ ಸರ್. ನಾನು ಒಬ್ಬನೇ ಇರೋದು."

ಡ್ರೈವರನ ಫೋನು ಮೂರು ಸಲ ಬಡಿದುಕೊಂಡಿತು. ಡ್ರೈವರ್ ಗಡಿಯಾರ ನೋಡಿ ಪೇಚಾಡಿದ, ಆದರೆ ಕೈ ಸ್ಟೀರಿಂಗ್ ಬಿಡಲಿಲ್ಲ. ಸಾಹೇಬರು ಕೊನೆಯ ಬಟ್ಟನ್ನು ತಕ್ಕಡಿಗೆ ಹಾಕಿದರು.

"ಮದುವೆಯ ಯೋಚನೆ ಏನಾದರೂ ಇದೆಯೇನಪ್ಪ?"

ಡ್ರೈವರ್ ನಕ್ಕ. "ಬೆಳಗ್ಗೆಯಿಂದ ತಲೇಲಿ ಅದೇ ಓಡ್ತಾ ಇದೆ ಸರ್."

"ಹುಡುಗಿ ಹೇಗೆ?"

"ಅಪ್ಪಟ ಬಂಗಾರ. ಅವಳ ಅಪ್ಪನೇ ತುಕ್ಕು ಹಿಡಿದ ಬೀಗ."

ಸಾಹೇಬರ ಕಿವಿ ಕೆಂಪಾಯಿತು.

"ಆದ್ರೂ ಅವಳಿಗೆ ಅಪ್ಪ ಅಂದ್ರೆ ಪ್ರಾಣ ಸರ್. ಅವರ ಬಾಯಿಂದ ಒಂದು 'ಹೂಂ' ಬರಲಿ ಅಂತ ಎಂಟು ತಿಂಗಳು ಕಾದಳು, ಪಾಪ."

ಸಾಹೇಬರು ಕಿಟಕಿಯ ಕಡೆ ತಿರುಗಿದರು. ಗಾಜು ಪೂರ್ತಿ ಏರಿಸಿತ್ತು. ಆದರೂ ಕಣ್ಣಿಗೆ ಧೂಳು ಬಿದ್ದವರಂತೆ ಒರೆಸಿಕೊಂಡರು. ಎಂಟು ತಿಂಗಳು ಮಗಳನ್ನು ಸುಮ್ಮನೆ ಸತಾಯಿಸಿದೆನಲ್ಲ ಎಂದು ನಾಚಿಕೆಯಾಯಿತು. ಹುಡುಗ ಬಾಯಿಬಡುಕ, ಆದರೆ ತೂಕದಲ್ಲಿ ಮೋಸವಿಲ್ಲ.

ಏರ್‌ಪೋರ್ಟಿನ ಬಾಗಿಲಲ್ಲಿ ಕಾರು ನಿಂತಾಗ ಹನ್ನೊಂದೂವರೆ. ಡ್ರೈವರ್ ಸೂಟ್‌ಕೇಸನ್ನು ಟ್ರಾಲಿಯ ಮೇಲಿಟ್ಟ. ಸಾಹೇಬರು ಅವನ ಹೆಗಲ ಮೇಲೆ ಕೈ ಹಾಕಿದರು. ಗುಟ್ಟು ಬಿಟ್ಟುಕೊಡದೆಯೇ ಹೇಳಬೇಕಿತ್ತು.

"ಇನ್ನು ಹೆದರಬೇಡ ಕಣಪ್ಪ. ನಾಳೇನೇ ಹೋಗಿ ಹುಡುಗಿಯನ್ನ ಕೇಳು. ಅವಳ ಅಪ್ಪ ಖಂಡಿತ ಹೂಂ ಅಂತಾನೆ."

"ನಾನಾ?" ಡ್ರೈವರ್ ಬಾಯಿ ತೆರೆದ. "ನಾನು ಹೋಗಿ ಕೇಳಿದ್ರೆ ನನ್ನ ಹೆಂಡತಿ ಸುಮ್ನೆ ಬಿಡ್ತಾಳಾ ಸರ್?"

"ಹೆಂಡತಿ?"

"ಓ, ಈ ಕೋಟು ನೋಡಿ ನಾನೇ ಮದುವೆ ಗಂಡು ಅಂದ್ಕೊಂಡ್ರಾ? ಇದು ನಂದಲ್ಲ ಸರ್. ನಮ್ಮಲ್ಲಿ ರಜೆ ಬೇಕಾದೋನು ಕೋಟು ಬಿಚ್ಚಿ ಇನ್ನೊಬ್ಬನಿಗೆ ತೊಡಿಸಿ ಹೋಗ್ತಾನೆ. ಕೋಟು ಯಾರ ಮೈಮೇಲೋ ನಂಬರೂ ಅವನದೇ, ಡ್ಯೂಟೀನೂ ಅವನದೇ. ಇದರ ಯಜಮಾನನಿಗೆ ಇವತ್ತು ಹನ್ನೊಂದಕ್ಕೆ ರಿಜಿಸ್ಟ್ರಾರ್ ಆಫೀಸಲ್ಲಿ ಮದುವೆ. ಸಾಕ್ಷಿಗೆ ನಾನು ಹೋಗ್ಬೇಕಿತ್ತು. ನೀವು ಹದಿನಾಲ್ಕೇ ಬೇಕು ಅಂತ ಪಟ್ಟು ಹಿಡಿದ್ರಿ, ಅದಕ್ಕೆ ಹುಡುಗಿಯ ತಾಯೀನೇ ಸಹಿ ಹಾಕ್ತಾರಂತೆ."

ಸಾಹೇಬರು ಟ್ರಾಲಿಯನ್ನು ಪಕ್ಕಕ್ಕೆ ತಳ್ಳಿದರು. "ಇವತ್ತೇ ಯಾಕೆ?"

ಡ್ರೈವರ್ ಡಿಕ್ಕಿ ಮುಚ್ಚಿ, ಬೆರಳು ಮುಚ್ಚಿದ ತೋಳನ್ನು ಮೇಲಕ್ಕೆ ಮಡಿಸಿಕೊಂಡ.

"ಅರ್ಜಿ ಕೊಟ್ಟು ತಿಂಗಳಾಯ್ತು ಸರ್, ಇಂಥ ದಿನಕ್ಕೇ ಕಾಯ್ತಾ ಇದ್ರು. ಹುಡುಗಿಯ ಅಪ್ಪ ಇವತ್ತು ವಿಮಾನ ಹತ್ತಿ ಎಲ್ಲಿಗೋ ಹೋಗ್ತಿದಾರಂತೆ."