ಒತ್ತು, ಹಿಡಿ, ಬಿಡು

"ಅತ್ತೆಯವರೇ, ತಪ್ಪು ತಿಳ್ಕೋಬೇಡಿ. ತಾವು ಸ್ವಲ್ಪ ಹೊತ್ತು ಬಂದು ಕಾರಿನಲ್ಲಿ ಕೂತ್ಕೊಳ್ಳೋಕೆ ಆಗುತ್ತಾ?"

ಅಳಿಯ ಬಾಗಿಲಲ್ಲಿ ನಿಂತು ಕೇಳಿದಾಗ ಅತ್ತೆ ತನ್ನ ಚೀಲದ ಜಿಪ್ಪು ಎಳೆಯುತ್ತಿದ್ದಳು. ಮೊಣಕೈವರೆಗೂ ಮಸಿಯಾದ ಕೈಗಳನ್ನು ಎಲ್ಲಿಗೂ ತಾಗಿಸದೆ ಮುಂದಕ್ಕೆ ಚಾಚಿಕೊಂಡು ಅವನು ನಿಂತ ಭಂಗಿಗೆ ಆಕೆಗೆ ನಗು ಉಕ್ಕಿತು, ನುಂಗಿಕೊಂಡಳು. ಈ ಮನೆಗೆ ಬಂದಾಗಿನಿಂದ ಆಕೆ ಗಟ್ಟಿಯಾಗಿ ನಕ್ಕಿದ್ದೇ ಇಲ್ಲ. "ತಮ್ಮ ಊಟ ಆಯ್ತಾ, ನಿದ್ದೆ ಬಂತಾ" ಎಂದು ಅವನು ಕೈಕಟ್ಟಿ ಕೇಳುವುದು, ಆಕೆ "ಆಯ್ತು, ಬಂತು" ಎನ್ನುವುದು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ತಿಂಗಳು ಇರುತ್ತೇನೆಂದು ಬಂದವಳು ಅರ್ಧಕ್ಕೇ ಸಂಜೆಯ ರೈಲಿಗೆ ಹೊರಟಿದ್ದಳು.

ಅಂಗಳದಲ್ಲಿ ಹಳೆಯ ಪುಟ್ಟ ಕಾರು ಹಿಂಭಾಗವನ್ನು ಮೇಲೆತ್ತಿಕೊಂಡು ನಿಂತಿತ್ತು. ಬಿಚ್ಚಿದ ಚಕ್ರಗಳು ಗೋಡೆಗೊರಗಿದ್ದವು. ಸವೆದ ಚಿಕ್ಕ ಬ್ರೇಕ್ ಡಿಸ್ಕುಗಳ ಜಾಗದಲ್ಲಿ ಊಟದ ತಟ್ಟೆಯಷ್ಟು ಅಗಲದ ಹೊಸ ಡಿಸ್ಕುಗಳು ಮಿರಮಿರ ಮಿಂಚುತ್ತಿದ್ದವು. ಅವನ್ನು ಕಚ್ಚಿ ಹಿಡಿಯುವ ದೊಡ್ಡ ಕ್ಯಾಲಿಪರುಗಳನ್ನು ಅಳಿಯ ಗುಜರಿಯೆಲ್ಲ ತಡಕಾಡಿ ತಂದಿದ್ದ.

"ಎಲ್ಲಾ ಕೂರಿಸಿದ್ದೀನಿ. ಆದ್ರೆ ಪೈಪಿನೊಳಗೆ ಗಾಳಿ ಸೇರ್ಕೊಂಡಿದೆ, ಅದು ಹೋಗೋವರೆಗೂ ಬ್ರೇಕು ಹಿಡಿಯಲ್ಲ," ಎಂದ ಅಳಿಯ. "ತಾವು ಪೆಡಲ್ ಒತ್ತಿ ಹಿಡ್ಕೊಂಡಿರಬೇಕು. ನಾನು ಹಿಂದೆ ತಿರುಪು ಸಡಿಲ ಮಾಡಿ, ಎಣ್ಣೆ ಜೊತೆ ಗಾಳಿ ಹೊರಗೆ ಬಿಟ್ಟು, ಮತ್ತೆ ಬಿಗಿ ಮಾಡ್ತೀನಿ. ಆಮೇಲೇ ತಾವು ಕಾಲು ತೆಗೀಬೇಕು. ಮೊದಲೇ ತೆಗೆದ್ರೆ ಗಾಳಿ ವಾಪಸ್ ಒಳಗೆ ಹೋಗುತ್ತೆ."

"ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದವಳು ನಾನು. ಪೆಡಲ್ಲು ನನಗೇನು ಹೊಸದಲ್ಲ," ಎಂದು ಆಕೆ ಚಪ್ಪಲಿ ಕಳಚಿ ಸ್ಟೀರಿಂಗಿನ ಮುಂದೆ ಕೂತಳು.

ಅಳಿಯ ಹಿಂದೆ ಹೋಗಿ ನೆಲಕ್ಕೆ ಮಲಗಿದ. ತಿರುಪಿನಿಂದ ಒಂದು ಬಾಟಲಿಗೆ ಸಣ್ಣ ಪ್ಲಾಸ್ಟಿಕ್ ನಳಿಕೆ ಇಳಿಬಿಟ್ಟ.

"ಅತ್ತೆಯವರೇ, ಈಗ ತಾವು ದಯವಿಟ್ಟು ಒತ್ತಬಹುದು."

ಆಕೆ ಒತ್ತಿದಳು. ಪೆಡಲ್ ಹತ್ತಿಯ ಮೂಟೆಯೊಳಕ್ಕೆ ಹೋದ ಹಾಗೆ ಮೆತ್ತಗೆ ಇಳಿಯಿತು.

"ಹಾಗೇ ಇರಲಿ. ತಾವು ಈಗಲೇ ಕಾಲು ಬಿಡ..."

ಆಕೆ ಬಿಟ್ಟಳು.

"...ಬೇಡಿ!"

ನಳಿಕೆಯಲ್ಲಿದ್ದ ಎಣ್ಣೆ ಸುರ್ರನೆ ಹಿಂದಕ್ಕೆ ಓಡಿತು. ಮತ್ತೆ ಒತ್ತಿದ್ದಾಯಿತು, ಮತ್ತೆ ಅದೇ ಕಥೆ. ಅದರ ಮುಂದಿನ ಸಲವಂತೂ ನಳಿಕೆಯೇ ಕಿತ್ತುಬಂದು ಎಣ್ಣೆ ಅಳಿಯನ ಗಡ್ಡಕ್ಕೆ ಚಿಮ್ಮಿತು.

ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಅಳಿಯಂದಿರೇ, ನೀವು 'ಬಿಡ' ಅಂದ್ರಿ, ಬಿಟ್ಟೆ. 'ಬೇಡಿ' ಬರೋಷ್ಟರಲ್ಲಿ ಕಾಲು ಮೇಲೆ ಬಂದಿತ್ತು. ನಿಮ್ಮ ದಯವಿಟ್ಟು, ತಾವು, ಅತ್ತೆಯವರೇ ಎಲ್ಲಾ ಮುಗಿಯೋ ಹೊತ್ತಿಗೆ ಗಾಳಿ ಒಳಗೆ ಸಂಸಾರ ಹೂಡಿರುತ್ತೆ. ಮೂರೇ ಮಾತು ಹೇಳಿ. ಒತ್ತು, ಹಿಡಿ, ಬಿಡು. ಬಾಲ ಅಂಟಿಸಬೇಡಿ."

"ಅಯ್ಯಯ್ಯೋ, ನಿಮಗೆ ಏಕವಚನದಲ್ಲಿ ಹೇಗೆ..."

"ನಾನೇ ಹೇಳ್ತಿದ್ದೀನಲ್ಲ!"

ಅಳಿಯ ಗಂಟಲು ಸರಿಮಾಡಿಕೊಂಡ. "ಒ... ಒತ್ತು," ಎಂದ, ಕದ್ದು ಸಿಕ್ಕಿಬಿದ್ದವನ ದನಿಯಲ್ಲಿ.

"ಕೇಳಿಸಲ್ಲ!"

"ಒತ್ತು!"

ಆಕೆ ಒತ್ತಿದಳು. "ಹಿಡಿ!" ಹಿಡಿದಳು. "ಬಿಡು!" ಬಿಟ್ಟಳು. ಗುಳ್ಳೆಗಳು ಸಾಲುಗಟ್ಟಿ ಬಾಟಲಿಗೆ ಓಡಿದವು. ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಬರುವಷ್ಟರಲ್ಲಿ ಅಳಿಯನ ದನಿಗೆ ಧೈರ್ಯ ಬಂದಿತ್ತು.

"ಆವತ್ತು ಇಳಿಜಾರಲ್ಲಿ ಕಾರು ನಿಲ್ಲದೆ ತಳ್ಳುಗಾಡಿ ಹತ್ರದವರೆಗೂ ಹೋಯ್ತಲ್ಲ, ಮಾರನೇ ದಿನವೇ ಊರಿಗೆ ಹೋಗ್ತೀನಿ ಅಂದ್ರಿ. ಹೆದರಿಬಿಟ್ರಿ ಅಂದ್ಕೊಂಡೆ. ಅದಕ್ಕೇ ಇಷ್ಟೆಲ್ಲಾ... ಬಿಡು!"

"ಹೆದರಲಿಲ್ಲ ಕಣೋ," ಎಂದಳು ಅತ್ತೆ. ಆ 'ಕಣೋ' ತಾನಾಗಿಯೇ ಜಾರಿತ್ತು. "ನಮ್ಮನೇಲಿ ಉಪ್ಪು ಕೇಳೋಕೂ ಕೂಗ್ತೀವಿ. ಇಲ್ಲಿ ನೀನು ಮಾತಾಡಿಸೋ ರೀತಿ ನೋಡಿ, ನಾನೇನು ಆಸ್ಪತ್ರೇಲಿ ಮಲಗಿದ್ದೀನಾ ಅನ್ನಿಸ್ತಿತ್ತು."

"ನಿಮಗೆ ತೊಂದ್ರೆ ಆಗಬಾರದು ಅಂತ ನಾನು ಟಿವೀನೂ ಸದ್ದಿಲ್ಲದೆ ನೋಡ್ತಿದ್ದೆ!"

ಆಕೆ ಸ್ಟೀರಿಂಗಿಗೆ ಹಣೆ ಹಚ್ಚಿ ಬಿದ್ದು ಬಿದ್ದು ನಕ್ಕಳು. ಹಾರನ್ ಉದ್ದಕ್ಕೆ ಕೂಗಿತು.

"ನಗೋದು ಆಮೇಲೆ! ಒತ್ತು! ಹಿಡಿ! ಹಿಡಿ ಅಂದ್ನಲ್ಲ, ಏನವಸರ ನಿಂಗೆ?"

"ಹಿಡಿದೇ ಇದ್ದೀನಲ್ಲೋ, ಮೊದಲು ನಿನ್ನ ಕೈ ಚುರುಕಾಗಲಿ!"

ಕೆಲಸ ಮುಗಿಸಿ ಆಗಷ್ಟೇ ಗೇಟು ತೆರೆದ ಮಗಳು ಕಂಬದ ಹಾಗೆ ನಿಂತುಬಿಟ್ಟಳು. "ಏನ್ರೀ ಇದು? ಅಮ್ಮನ ಹತ್ರ ಜಗಳ ಆಡ್ತಿದ್ದೀರಾ?"

"ಜಗಳ ಅಲ್ಲ ಕಣೇ, ಗಾಳಿ ತೆಗೀತಿದ್ದೀವಿ," ಎಂದಳು ಅಮ್ಮ.

"ರೈಲಿಗೆ ಹೊತ್ತಾಯ್ತಲ್ಲಮ್ಮ! ಟ್ಯಾಕ್ಸಿ ಕರೀಲಾ?"

ಆಕೆ ಇನ್ನೊಮ್ಮೆ ಪೆಡಲ್ ಒತ್ತಿ ನೋಡಿದಳು. ಅದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಕಾಲು ತೆಗೆಯದೆ ಕಿಟಕಿಯಿಂದ ಬಾಗಿದಳು.

"ಏನೋ, ಇನ್ನೂ ಗಾಳಿ ಇದೆಯೇನೋ?"

ಅಳಿಯ ನಳಿಕೆಯನ್ನು ಬೆಳಕಿಗೆ ಹಿಡಿದ. ಒಂದೇ ಒಂದು ಗುಳ್ಳೆಯಿಲ್ಲದ ತಿಳಿ ಎಣ್ಣೆ.

"ಬೇಕಾದಷ್ಟಿದೆ ಅತ್ತೆ," ಎಂದ. "ಒತ್ತು!"