ಭಾಂಡುಪ್‌ನಲ್ಲಿ ಮತದಾನ

“ಒಕ್ಕೂಟದಲ್ಲಿ ಇರಬೇಕು ಅನ್ನುವವರು ಕೈ ಎತ್ತಿ!” ಎಂದು ಪ್ರಶಾಂತ ಕೂಗಿದ. ಮುಂಬೈಯ ವಿಕ್ರೋಳಿಯಲ್ಲಿ ಹತ್ತಿದ ಲೋಕಲ್ ರೈಲಿನ ಆ ಡಬ್ಬಿಯಲ್ಲಿ ಎಲ್ಲರ ಕೈಯೂ ಆಗಲೇ ಮೇಲಿತ್ತು. ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಎದೆಗೆ ಅವಚಿಕೊಂಡ ಬ್ಯಾಗಿನ ಮೇಲೆ. ಸಮಿತಿಯ ಏಳು ಜನರದ್ದಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಮರಾಠಿ ಕಾಕಾನದ್ದೂ. ಎಣಿಸಿದ್ದರೆ ದಿಲ್ಲಿಯ ಒಕ್ಕೂಟಕ್ಕೆ ಅದರ ಜನ್ಮದಲ್ಲೇ ಕಾಣದಷ್ಟು ಬಹುಮತ ಸಿಕ್ಕಿಬಿಡುತ್ತಿತ್ತು.

ಸಭೆ ರೈಲು ಹತ್ತಿದ್ದು ಪಾಪ, ಪ್ರಶಾಂತನ ತಪ್ಪಲ್ಲ. ಕಾಲೇಜಿನ ಹಾಲ್ ಮೆಹಂದಿ ಸ್ಪರ್ಧೆಗೆ ಹೋಗಿತ್ತು. ತಮ್ಮ ವಿದ್ಯಾರ್ಥಿ ಸಂಘ ರಾಷ್ಟ್ರೀಯ ಒಕ್ಕೂಟದಲ್ಲಿ ಇರುತ್ತದೋ ಬಿಡುತ್ತದೋ ಎಂಬ ಉತ್ತರ ಮಾತ್ರ ಆ ಸಂಜೆಯೇ ದಿಲ್ಲಿಗೆ ಹೋಗಬೇಕಿತ್ತು. ವಡಾಪಾವ್‌ಗೆ ಹಸಿರು ಚಟ್ನಿಯೋ ಕೆಂಪೋ ಎಂದು ಕೇಳಿದರೂ ಪಕ್ಕದವರ ಮುಖ ನೋಡುವ ಅಧ್ಯಕ್ಷ ಅವನು; ಮತ ಏಳು ಜನರದ್ದು, ಎಣಿಸುವುದಷ್ಟೇ ಅವನ ಕೆಲಸ. ಹೇಗೂ ಏಳೂ ಜನ ಮುಲುಂಡ್ ಕಡೆಯವರೇ, ದಾರಿಯಲ್ಲೇ ಮುಗಿಸೋಣ ಎಂದಿದ್ದ.

ಬಿಡಬೇಕು ಎನ್ನುವವಳು ಕಾರ್ಯದರ್ಶಿ ಯಕ್ಷಿತಾ. ಹಿಡಿದದ್ದನ್ನು ಬಿಡುವ ಜಾತಿಯಲ್ಲ. ತನ್ನದೂ ಸೇರಿ ನಾಲ್ಕು ಮತ ಅವಳ ಕಡೆ ಗಟ್ಟಿಯಾಗಿದ್ದವು.

“ನಾವು ಬರೆದ ಒಂದು ಮೇಲ್‌ಗೆ ಉತ್ತರ ಉಂಟಾ? ಜನವರಿಯಲ್ಲಿ ಎಂತ ಕಳಿಸಿದ್ರು ಗೊತ್ತುಂಟಲ್ಲ? ದಟ್ಟ ಮಂಜು ಇರುವಾಗ ಕಾಲೇಜಿಗೆ ಹೋಗ್ಬೇಡಿ ಅಂತ! ಮುಂಬೈಯಲ್ಲಿ ಮಂಜು ಎಲ್ಲಿಂದ ತರೋದು ಮಾರಾಯ, ಫ್ರಿಜ್ ತೆರೆದಿಟ್ಟು ಮಾಡೋದಾ?”

ಇರಬೇಕು ಎನ್ನುವವನು ಶರಣ. ಅವನ ಕಡೆ ಮೂರೇ ಮತ. ಮುಂದಿನ ತಿಂಗಳು ದಿಲ್ಲಿಯ ಅಧಿವೇಶನದಲ್ಲಿ ಐದು ನಿಮಿಷ ಮಾತಾಡಲು ಸಂಘದಿಂದ ಅವನ ಹೆಸರು ಹೋಗಿತ್ತು. ಸಂಘ ಹೊರಗೆ ಬಂದರೆ ಆ ಐದು ನಿಮಿಷವೂ ಹೋದಂತೆಯೇ. ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದು ನೆಲೆಯೂರಿದ ಅವನ ಮನೆಯಲ್ಲಿ ಮೈಕ್ ಮುಂದೆ ನಿಲ್ಲುವವನು ಅವನೇ ಮೊದಲು.

“ನಮ್ಮವ್ವ ಇಡೀ ಚಾಳಿಗೆ ಹೇಳ್ಕೊಂಡ ಬಂದಾಳ,” ಎಂದ ಶರಣ. “ಈಗ ಹೋಗಂಗಿಲ್ಲ ಅಂದ್ರ, ಒಕ್ಕೂಟ ಬಿಡೂದಲ್ಲ, ನಾ ಚಾಳ ಬಿಡಬೇಕಾಗ್ತದ.”

“ಅರೆ ಸುನೋ,” ಎಂದ ಪ್ರಶಾಂತ, ದೊಡ್ಡ ಉಪಾಯ ಹೊಳೆದವನಂತೆ. “ಬಿಡಬೇಕು ಅನ್ನೋರು ಭಾಂಡುಪ್‌ನಲ್ಲಿ ಇಳೀರಿ. ಇರಬೇಕು ಅನ್ನೋರು ಒಳಗೇ ಇರಿ. ಇಳಿದವರನ್ನ ಎಣಿಸ್ತೀನಿ. ಸಿಂಪಲ್!”

ಮುಂಬೈಯಲ್ಲೇ ಹುಟ್ಟಿ ಬೆಳೆದವನು ಆಡುವ ಮಾತೇ ಇದು? ಭಾಂಡುಪ್ ಬಂತು. ಇಳಿಯಬೇಕಾದ ನಾಲ್ವರು “ಸೈಡ್ ಪ್ಲೀಸ್” ಎನ್ನುವಷ್ಟರಲ್ಲಿ, ಇರುತ್ತೇನೆಂದು ಬಾಗಿಲ ಬಳಿ ಭದ್ರವಾಗಿ ನಿಂತಿದ್ದ ಶರಣನನ್ನು ಇಳಿಯುವವರ ನೂಕು ಸೀದಾ ಪ್ಲಾಟ್‌ಫಾರ್ಮಿಗೆ ಒಯ್ದು ಬಿಟ್ಟಿತು. ಅವನ ಹಿಂದೆಯೇ ಹೊರಟ ಯಕ್ಷಿತಾಳನ್ನು ಹತ್ತುವವರು ಬಾಗಿಲಲ್ಲೇ ತಡೆದರು. ಉಳಿದ ಮೂವರು ಕಾಲೆತ್ತಲೂ ಆಗದೆ ನಿಂತಲ್ಲೇ ನಿಂತರು. ಹೀಗೆ ಬಿಡಬೇಕೆಂದವರೆಲ್ಲ ಒಳಗೆ, ಇರಬೇಕೆಂದವನೊಬ್ಬ ಹೊರಗೆ.

ಹಾರ್ನ್ ಆಯಿತು. ಶರಣ ಎರಡೂ ಕೈ ಬೀಸುತ್ತ ಏನೋ ಕೂಗುತ್ತಿದ್ದ. ಯಕ್ಷಿತಾ ಹಿಂದೆಮುಂದೆ ನೋಡದೆ ಕೈ ಚಾಚಿದಳು. ಕಾಕಾ ಅವಳ ಬ್ಯಾಗಿನ ಪಟ್ಟಿಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದರು. ಗಾಡಿ ಕದಲುವ ಮೊದಲೇ ಶರಣ ಒಳಗಿದ್ದ, ಒಂದು ಚಪ್ಪಲಿ ಮಾತ್ರ ಭಾಂಡುಪ್‌ನಲ್ಲೇ ಉಳಿಯಿತು. ಹಿಂದೆ ನುಗ್ಗಿದ ಜನ ಇಬ್ಬರನ್ನೂ ಡಬ್ಬಿಯ ನಡುಮಧ್ಯಕ್ಕೆ ತಳ್ಳಿದರು.

“ನಾ ಹೊರಗ ಉಳಿದಿದ್ರ ನಿಮಗ ಒಂದ ವೋಟ ಸಿಗ್ತಿತ್ತಲ್ಲ,” ಎಂದ ಶರಣ ಏದುಸಿರು ಬಿಡುತ್ತ. “ಯಾಕ ಎಳಕೊಂಡಿ?”

“ಆಗ ವೋಟು ಯಾರಿಗೆ ನೆನಪಿತ್ತು? ಅದಿರಲಿ, ಅಲ್ಲಿ ನಿಂತು ಎಂತ ಬೊಬ್ಬೆ ಹೊಡೀತಿದ್ದೆ?”

“ಕೇಳಿಸಲಿಲ್ಲ?”

“ಒಂದಕ್ಷರ ಇಲ್ಲ. ಬಾಯಿ ಮಾತ್ರ ಕಾಣ್ತಿತ್ತು.”

“ನೋಡು ಮತ್ತ. ಹೊರಗ ನಿಂತು ಒದರಿದ್ರ ಹಿಂಗ ಆಗ್ತದ. ದಿಲ್ಲ್ಯಾಗ ನಾ ಹೇಳೂ ಮೊದಲನೇ ಮಾತ ನಿಂದ ಐತಿ. ನಮ್ಮಲ್ಲಿ ಮಂಜು ಬೀಳಂಗಿಲ್ಲ, ಮಳಿ ಬೀಳ್ತದ. ಮಳಿಗೆ ಲೋಕಲ್ ನಿಲ್ತಾವ, ಪರೀಕ್ಷಾ ನಿಲ್ಲಂಗಿಲ್ಲ. ನಾವು ಬರದ್ರ ನೀವು ಉತ್ತರ ಕೊಡಂಗಿಲ್ಲ, ಅಂತ.”

ತನ್ನ ತಕರಾರನ್ನು ಇವನು ಬಾಯಿಪಾಠ ಮಾಡಿಟ್ಟುಕೊಂಡಿದ್ದಾನೆ ಎಂದು ಯಕ್ಷಿತಾಗೆ ಗೊತ್ತೇ ಇರಲಿಲ್ಲ. ಮೊದಲೇ ಹೇಳಬಾರದಿತ್ತೇ ಎಂದು ಸಿಟ್ಟು ಮಾಡಿಕೊಳ್ಳಲು ನೋಡಿದಳು. ಸಿಟ್ಟು ಬರಲಿಲ್ಲ, ಖುಷಿಯಾಯಿತು.

“ಮಗ್, ಕಾಯ್ ಠರ್ಲಂ?” ಏನು ತೀರ್ಮಾನವಾಯಿತು ಎಂದು ಕಾಕಾ ಕೇಳಿದರು. ಮುಲುಂಡ್‌ನಲ್ಲಿ ಇಳಿಯುವ ಮೊದಲು ಅವರಿಗೂ ಫಲಿತಾಂಶ ಬೇಕಿತ್ತು.

“ಲಾಸ್ಟ್ ಚಾನ್ಸ್,” ಎಂದ ಪ್ರಶಾಂತ. “ಇರಬೇಕು ಅನ್ನೋರು ಹಿಡಿಕೆ ಬಿಟ್ಟು ಕೈ ಎತ್ತಿ.”

“ಬಿದ್ದರೆ?” ಯಾರೋ ಕೇಳಿದರು.

“ಬಿದ್ದರೆ ಆ ವೋಟು ಕ್ಯಾನ್ಸಲ್.”

ಶರಣ ಕೈ ಎತ್ತಿದ. ಅವನ ಕಡೆಯ ಇನ್ನಿಬ್ಬರೂ ಎತ್ತಿದರು. ಮೂರು. ಪ್ರಶಾಂತ ಇನ್ನೊಮ್ಮೆ ಸುತ್ತ ನೋಡಿ, ಒಕ್ಕೂಟ ಬಿಟ್ಟೆವು ಎನ್ನಲು ಬಾಯಿ ತೆರೆದ. ಶರಣ ಒಂಟಿ ಚಪ್ಪಲಿಯ ಕಾಲನ್ನೇ ನೋಡುತ್ತ ನಿಂತ.

ಆಗ ಯಕ್ಷಿತಾ ಹಿಡಿಕೆ ಬಿಟ್ಟು, ಐದೂ ಬೆರಳು ಅಗಲಿಸಿ ಕೈಯನ್ನು ಮೇಲಕ್ಕೆತ್ತಿದಳು. ಅದೇ ಹೊತ್ತಿಗೆ ಗಾಡಿ ಜೋರಾಗಿ ಒಂದು ಕಡೆಗೆ ವಾಲಿತು. ಅವಳೂ ವಾಲಿದಳು, ಆದರೆ ಬೀಳಲಿಲ್ಲ. ಆ ಗರ್ದಿಯಲ್ಲಿ ಬೀಳುವುದಕ್ಕೆ ಜಾಗವೇ ಇರಲಿಲ್ಲ.